ಅಭ್ಯಾಸಕ್ಕೆ ಸಿಕ್ಕ ಊರು

ನೆಟ್‌ವರ್ಕಿಂಗ್ ಪರೀಕ್ಷೆಗೆ ದುಡ್ಡು ಕೊಟ್ಟು ಓದುವವರಿಗೆ ಫೋನ್ ಜಾಲ ನಡೆಸಿ ಕಲಿಯಲು ನಕಲಿ ಊರುಗಳು ಸಿಗುತ್ತವೆ. ಆನ್‌ಲೈನಿನ ಉಚಿತ ಅಭ್ಯಾಸಕ್ಕೆ ನಿಜವಾದ ಊರು. ಉತ್ತರ ತಪ್ಪಿದರೆ ಅಲ್ಲಿನ ಫೋನುಗಳೆಲ್ಲ ಹತ್ತು ನಿಮಿಷ ಸತ್ತಿರುತ್ತವೆ. ಹಾಗಾಗಿ ಎಲ್ಲರೂ ತಮ್ಮವರಿಲ್ಲದ ಊರನ್ನೇ ಆರಿಸಿಕೊಳ್ಳುತ್ತಾರೆ. ನಾನು ಬೆಳವಲಕೊಪ್ಪವನ್ನು ಆರಿಸಿದ್ದೆ.

ಪಾಸಾದ ದಿನ ಸಹಪಾಠಿ ಕಸ್ತೂರಿಗೆ ಪೇಡೆ ಕೊಡಹೋದೆ.

"ಸಿಹಿ ಬ್ಯಾಡ, ರುಬೀನಾ. ಹೋದ ಮಂಗಳವಾರ ನಮ್ಮವ್ವ ತೀರಿಕೊಂಡ್ಲು. ಕಡೀಗೊಮ್ಮೆ ಮಾತಾಡೂಣಂತ ಅರ್ಧ ತಾಸು ಫೋನ್ ಹಚ್ಚಿದೆ, ಹತ್ತಲೇ ಇಲ್ಲ. ಯಾವ ದಡ್ಡ ಕಲೀಲಿಕ್ಕೆ ಕುಂತಿದ್ನೋ ನಮ್ಮ ಬೆಳವಲಕೊಪ್ಪದಾಗ!"

ಆ ಮಂಗಳವಾರ ನಾನು ಒಂದೇ ಪ್ರಶ್ನೆಗೆ ಮೂರು ಸಲ ತಪ್ಪು ಉತ್ತರ ಕೊಟ್ಟಿದ್ದೆ. ಮೊದಲನೆಯದು ಗೊತ್ತಿಲ್ಲದೆ ಆಗಿತ್ತು. ಉಳಿದೆರಡನ್ನು ಬೇಕೆಂದೇ ತಪ್ಪಾಗಿ ಕೊಟ್ಟೆ, ಏಕೆಂದರೆ ವಿವರಣೆಯನ್ನು ಮತ್ತೆ ಓದಬೇಕಿತ್ತು, ತಪ್ಪಿದಾಗಷ್ಟೇ ಅದನ್ನು ತೋರಿಸುತ್ತಿದ್ದರು.

ಆ ವಿವರಣೆ ನನಗೀಗಲೂ ಬಾಯಿಪಾಠವಿದೆ.