ಕ್ರೋಟನ್ನಿನ ಬುಡ

"ಬೇಸರ ಮಾಡ್ಕೊಳ್ಬೇಡಿ ನೀಲಗಂಗಾ ಅವ್ರೇ, ಈ ಗಿಡವನ್ನು ಸ್ಪರ್ಧೆಗೆ ತಗೊಳ್ಳಲಿಕ್ಕೆ ಆಗುದಿಲ್ಲ," ಎಂದರು ರಘುಪತಿ. ಠಾಣೆ ಶಹರದ ಆ ಹೌಸಿಂಗ್ ಸೊಸೈಟಿಗೆ ಅವರೇ ಸೆಕ್ರೆಟರಿ, ಅವತ್ತಿನ ಗಿಡಗಳ ಸ್ಪರ್ಧೆಗೆ ಅವರೇ ತೀರ್ಪುಗಾರರು. "ಮನೆಯಲ್ಲಿ ಕಡ್ಡಿ ನೆಟ್ಟು ಬೆಳೆಸಿದ್ದು ಮಾತ್ರ ಅಂತ ನೋಟಿಸಲ್ಲಿ ಹಾಕಿದ್ದೇವಲ್ಲ. ಇದು ನರ್ಸರಿದು. ನೋಡಿದ್ರೆ ಗೊತ್ತಾಗ್ತದೆ ಮಾರಾಯ್ರೇ."

ಮೇಜಿನ ಮೇಲೆ ಕ್ರೋಟನ್ ಗಿಡ ಮೊಳಕ್ಕೂ ಮೀರಿ ಎತ್ತರ ನಿಂತಿತ್ತು. ಎಲೆ ಎಲೆಯಲ್ಲೂ ಹಳದಿ, ಕೆಂಪು. ಅದರ ಮುಂದೆ ಉಳಿದವರ ಬಾಟಲಿಯ ಮನಿಪ್ಲಾಂಟುಗಳು ಬಡಕಲಾಗಿ ಕಾಣುತ್ತಿದ್ದವು.

"ಇದರ ಕಡ್ಡಿ ವಿಠ್ಠಲವಾಡಿದು," ಎಂದಳು ನೀಲಗಂಗಾ. "ನಮ್ಮ ಅಕ್ಕನ ಬಿಲ್ಡಿಂಗಿನಾಗ ಕಡಿದು ಒಗೆದಿದ್ರು. ಒದ್ದಿ ಕರ್ಚೀಪಿನಾಗ ಸುತ್ತಿ ಲೋಕಲ್ ಟ್ರೇನಿನಾಗ ತಂದೀನಿ. ಒಂಬತ್ತು ಕಡ್ಡಿ ಹಚ್ಚಿದ್ದೆ, ಎಂಟು ಕೊಳೆತು ಹೋದ್ವು. ಇದೊಂದ ಉಳೀತು."

"ಎಲ್ಲರೂ ಹಾಗೇ ಹೇಳ್ತಾರೆ."

ಪಕ್ಕದ ಮೇಜಿನ ಬಳಿ ಯಾರೋ ಕಿಸಕ್ಕನೆ ನಕ್ಕರು. ಮಗಳು ಸೋನಾಲಿ ತಾಯಿಯ ಸೆರಗು ಜಗ್ಗಿದಳು. "ಅವ್ವಾ, ಛೋಡ್ ನಾ. ಸಬ್ ದೇಖ್ ರಹೇ ಹೈಂ."

"ಎಲ್ಲಾರೂ ನೋಡ್ಲಿ."

ಎರಡು ವರ್ಷದಿಂದ ದಿನವೂ ಬೇಲಾಪುರದ ಆಫೀಸಿಗೆ ಓಡುವ ಮುಂಚೆ ಮನೆಯ ಗ್ಯಾಲರಿಗೆ ಹೋಗಿ ಈ ಗಿಡದ ಮುಖ ನೋಡದೆ ಅವಳು ಮನೆ ಬಿಟ್ಟಿರಲಿಲ್ಲ. ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡುವ ಆಸೆಯನ್ನು ನಲವತ್ತು ದಿನ ಅದುಮಿಟ್ಟುಕೊಂಡಿದ್ದಳು. ಈಗ ಅವಳ ಕಿವಿಗಳು ಬಿಸಿಯಾದವು.

"ಕೇಳ್ರಿ ಇಲ್ಲೆ," ಎಂದಳು, ಸೊಸೈಟಿಯ ಹಾಲ್‌ನಲ್ಲಿದ್ದ ಎಲ್ಲರಿಗೂ ಕೇಳುವಂತೆ. "ನಾ ಕಡ್ಡಿ ತುದಿ ಸೀಳಿ ನಡುವ ಒಂದು ಹರಳುಕಲ್ಲು ಸಿಗಿಸಿ ಹಚ್ತೀನಿ. ನಮ್ಮಪ್ಪ ಕಲಿಸಿದ್ದು. ನರ್ಸರಿಯವ್ರು ಹಿಂಗ ಮಾಡಂಗಿಲ್ಲ. ಬುಡದಾಗ ಹರಳು ಸಿಗಲಿಲ್ಲಂದ್ರ ನನಗ ಸುಳ್ಳಿ ಅನ್ರಿ."

"ಅಯ್ಯೋ, ಬೇಡ, ಬೇಡ..." ರಘುಪತಿ ಕೈ ಚಾಚುವಷ್ಟರಲ್ಲಿ ಅವಳು ಕುಂಡವನ್ನು ಓರೆ ಮಾಡಿ ತಳಕ್ಕೆ ಎರಡು ಏಟು ಕೊಟ್ಟಿದ್ದಳು. ಗಿಡ ಮಣ್ಣಿನ ಮುದ್ದೆಯ ಸಮೇತ ಹೊರಬಂತು. ಅವಳು ಬೆರಳುಗಳಿಂದ ಮಣ್ಣು ಬಿಡಿಸತೊಡಗಿದಳು. ಬರೀ ಬೇರು, ಬೇರಿನ ಮೇಲೆ ಬೇರು. ಕೂದಲಿನಷ್ಟು ಸಣ್ಣದೊಂದು ಚಟ್ಟನೆ ಹರಿಯಿತು; ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಮಣ್ಣೆಲ್ಲ ನೆಲಕ್ಕೆ ಉದುರುತ್ತಿತ್ತು.

ಉಗುರಿಗೆ ಗಟ್ಟಿಯಾದದ್ದೇನೋ ತಾಗಿತು.

ಅವಳು ಗಿಡವನ್ನು ಎತ್ತಿ ಹಿಡಿದಳು. ಸೀಳಿದ ಕಡ್ಡಿಯ ನಡುವೆ ಕಡಲೆಕಾಳಿನಷ್ಟು ದೊಡ್ಡ ಬಿಳಿ ಹರಳು. ಸುತ್ತ ಬೇರುಗಳು ಹೆಣೆದುಕೊಂಡು ಅದನ್ನು ಬಿಗಿಯಾಗಿ ಅಪ್ಪಿದ್ದವು.

"ಮುಟ್ಟಿ ನೋಡ್ರಿ."

ರಘುಪತಿ ಬೆರಳಿನಿಂದ ಒತ್ತಿ ನೋಡಿದರು. ಹರಳು ಅಲುಗಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದವಳು ಸೋನಾಲಿ. ನಕ್ಕವರೂ ಸೇರಿ ಇಡೀ ಹಾಲ್ ತಟ್ಟಿತು.

"ತಪ್ಪಾಯ್ತು ನಂದು," ಎಂದರು ರಘುಪತಿ. ಅವರ ಮುಖ ಕೆಂಪಾಗಿತ್ತು. ಬಹುಮಾನದ ಶೀಲ್ಡನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು. "ಫಸ್ಟ್ ಪ್ರೈಜ್ ನಿಮ್ಗೇ. ತಗೊಳ್ಳಿ."

"ಅದು ಆಮ್ಯಾಲ," ಎಂದಳು ನೀಲಗಂಗಾ. "ಮೊದಲ ಆ ಮಣ್ಣು ಎತ್ತಿ ಕೊಡ್ರಿ. ಬೇರು ಒಣಗ್ತಾವ."

ಸೆಕ್ರೆಟರಿಯವರು ಶೀಲ್ಡನ್ನು ಕುರ್ಚಿಯ ಮೇಲಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿ, ಕುಕ್ಕರುಗಾಲಲ್ಲಿ ಕೂತು, ಬೊಗಸೆಯಲ್ಲಿ ಮಣ್ಣು ಬಳಿಯತೊಡಗಿದರು.