ಕದ ತೆರೆದ ಕಣಗಳು

ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಪಿಡುಗೊಂದಕ್ಕೆ, ಯೌವನವನ್ನೆಲ್ಲ ಸವೆಸಿ ನೀಲಗಂಗಮ್ಮ ಮದ್ದಿನ ಹನಿಯೊಂದನ್ನು ಕಂಡುಹಿಡಿದಿದ್ದಳು. ಬಿಳಿಯ ರಕ್ತಕಣಗಳಲ್ಲಿ ಪಿಡುಗು ಒಳನುಗ್ಗುತ್ತಿದ್ದ ಕದವನ್ನು ಅದು ಮುಚ್ಚಿಬಿಡುತ್ತಿತ್ತು. ಅಂದಿನಿಂದ ನಾಮಕರಣದ ದಿನವೇ ಕೂಸಿನ ನಾಲಗೆಗೆ ಜೇನಿನೊಡನೆ ಹನಿ ಬೀಳುವುದು ವಾಡಿಕೆಯಾಯಿತು.

ಈಗ ಮೊಮ್ಮಗಳು ಶಾಂಭವಿಗೆ ಸೊಳ್ಳೆಜ್ವರ ಮಿದುಳಿಗೇರಿತ್ತು. ಜ್ವರದೊಡನೆ ಹೋರಾಡಲು ಬನ್ನಿರೆಂದು ಮಿದುಳು ಎಷ್ಟು ಕರೆದರೂ ಕದ ಮುಚ್ಚಿದ ಕಣಗಳಿಗೆ ಕೇಳಿಸುತ್ತಿರಲಿಲ್ಲ; ಆ ಕರೆ ಒಳಬರುವ ದಾರಿಯೂ ಅದೇ ಕದವಾಗಿತ್ತು.

“ಕದ ತೆಗೀದಿದ್ರ ಹುಡುಗಿ ಉಳಿಯೂದಿಲ್ರೀ ಅಮ್ಮಾರ,” ಎಂದ ವೈದ್ಯ ಫಕೀರೇಶ. “ತೆಗದ್ರ ಪಿಡುಗಿಗೂ ದಾರಿ ಆಗ್ತದ.”

“ಅದನ್ನ ಒಮ್ಮೆ ಓಡಿಸೀನಿ, ಮತ್ತ ಬಂದ್ರ ನೋಡ್ಕೋತೀನಿ. ಕದ ತೆಗ್ಯೋ ಸೂಜಿ ಕೊಡಪಾ.”

ತಾನೇ ಚುಚ್ಚಿ, ಮೊಮ್ಮಗಳ ಕುತ್ತಿಗೆಗೆ ಸ್ಟೆತಸ್ಕೋಪ್ ಇಟ್ಟು ಕುಳಿತಳು. ಬಹಳ ಹೊತ್ತಿನ ಮೇಲೆ, ಮೊರದಲ್ಲಿ ಜೋಳ ಸರಿದಂತೆ, ಕಣಗಳು ಮಿದುಳಿನತ್ತ ಹೊರಟ ಸದ್ದು ಬಂದಿತು. ನೀಲಗಂಗಮ್ಮ ಸ್ಟೆತಸ್ಕೋಪಿನ ಕೊಳವೆಯನ್ನು ಶಾಂಭವಿಯ ಕಿವಿಗೂ ಹಿಡಿದು, ಕಣ್ಣೊರೆಸಿಕೊಳ್ಳಲೆಂದು ತೆಗೆದಳು.

ಹುಡುಗಿ ಮೆಲ್ಲನೆ ಕಣ್ಣು ಬಿಟ್ಟಳು.

“ಅಜ್ಜೀ, ಇನ್ನೊಮ್ಮೆ ಕೇಳಸಬೇ.”