ಸಾಲಿನಲ್ಲಿ ನಿಂತ ಮಾತು

ಸಾಯುವ ಮುನ್ನ ಮನಸ್ಸನ್ನು ಯಂತ್ರದೊಳಗೆ ಇಳಿಸಿ ಹೋದವರೊಡನೆ ಮಾತಾಡುವ ಕೇಂದ್ರದಲ್ಲಿ ಮಂಗಳವಾರ ಜನ ಕಡಿಮೆ. ಕಮಲಾಕ್ಷಿ ಎಂದಿನಂತೆ ಮೈಕಿನಲ್ಲಿ ತಮ್ಮ ಸೋಮಶೇಖರನಿಗೆ ವಾರದ ಸುದ್ದಿಯನ್ನೆಲ್ಲ ಹೇಳಿ ಎದ್ದಳು.

ಕೇಂದ್ರದ ಶಶಿರೇಖಾ ತಡೆದಳು. "ಅಕ್ಕಾ, ಅವರ ಉತ್ತರ ಒಂದ್ಸಲನೂ ಕೇಳಿಲ್ವಲ್ಲ ನೀವು?"

"ಬೈತಾನೇನೋ ಅಂತ ಭಯ ಕಣಮ್ಮ. ಜಗಳ ಆಡ್ಕೊಂಡೇ ಹೋದ. ನಾನು ಹೇಳಿದ್ದು ಅವನಿಗೆ ಕೇಳಿಸಿದ್ರೆ ಸಾಕು."

"ಕೇಳಿಸೇ ಇಲ್ಲ ಅಕ್ಕಾ. ಮೊದಲನೇ ಉತ್ತರ ನೀವು ಕೇಳೋವರೆಗೂ ಎರಡನೇ ಮಾತು ಒಳಗೆ ಹೋಗಲ್ಲ. ಎಲ್ಲಾ ಹೊರಗೇ ಸಾಲಾಗಿ ನಿಂತಿವೆ."

ಕಮಲಾಕ್ಷಿ ಮತ್ತೆ ಮೈಕಿನ ಮುಂದೆ ಬಂದು ಕುಳಿತಳು. ಮೊದಲ ದಿನ ಅವಳು ಕೇಳಿದ್ದು, ಹೇಗಿದ್ದೀಯಪ್ಪ ಎಂದಷ್ಟೇ. ಹೆದರುತ್ತಲೇ ಉತ್ತರ ಕೇಳಿಸುವ ಗುಂಡಿ ಒತ್ತಿದಳು.

"ಚೆನ್ನಾಗಿದೀನಿ ಅಕ್ಕಾ," ಎಂದಿತು ತಮ್ಮನ ದನಿ. ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ನನ್ನ ವಿಷಯ ಬಿಡು. ಅಮ್ಮ ಹೇಗಿದಾಳೆ, ಅದನ್ನ ಮೊದಲು ಹೇಳು."

ಅವಳು ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಸಾಲಿನ ಮುಂದಿನ ಮಾತನ್ನು ಒಳಗೆ ಬಿಟ್ಟಿತು. ಅದು ಕಳೆದ ಆಷಾಢದಲ್ಲಿ ಬಿಕ್ಕುತ್ತಿದ್ದ ಅವಳದೇ ದನಿ: "ಸೋಮೂ, ಅಮ್ಮ ಹೋಗ್ಬಿಟ್ಲು ಕಣೋ. ಯಂತ್ರ ಬೇಡ ಅಂದ್ಬಿಟ್ಲು."

ಸ್ವಲ್ಪ ಹೊತ್ತಿಗೆ, ಉತ್ತರ ಬಂದಿದೆಯೆಂದು ಹಸಿರು ದೀಪ ಹೊತ್ತಿತು. ಕಮಲಾಕ್ಷಿ ಗುಂಡಿಯ ಮೇಲಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.